ಹೆನ್ರಿಯ ಹೆಂಡತಿ ಬೈದ ಜಾಗ

ಕಳೆದ ತಿಂಗಳು ಬೆಂಗಳೂರಿನಿಂದ ಸಹನಾ ಎಂಬ ಹುಡುಗಿ ಫೋನ್ ಮಾಡಿದ್ದಳು. ಪರದೇಶದ ಸಿನೆಮಾಗಳಿಗೆ ಕನ್ನಡದ ಮಾತು ಬರೆಯುವ ಕೆಲಸಕ್ಕೆ ಹೊಸದಾಗಿ ಸೇರಿದ್ದಾಳಂತೆ. ಆ ಕೆಲಸಕ್ಕೆ ಈಗ ಡಬ್ಬಿಂಗ್ ಎನ್ನುತ್ತಾರೆ, ತಂಪು ಕೋಣೆಯಲ್ಲಿ ಕೂತು ಮಾಡುತ್ತಾರೆ. ನಮ್ಮ ಕಾಲದಲ್ಲಿ ಅದಕ್ಕೆ ‘ಅರ್ಥ ಹೇಳೋದು’ ಎನ್ನುತ್ತಿದ್ದರು. ಭಾಲ್ಕಿಯ ತಗಡಿನ ಟಾಕೀಸಿನಲ್ಲಿ ಬೆವರು ಸುರಿಸುತ್ತ ನಿಂತೇ ಮಾಡುತ್ತಿದ್ದೆವು. ‘ಮಾಡುತ್ತಿದ್ದೆವು’ ಎಂದರೆ ನಾನೊಬ್ಬನೇ. ಇಡೀ ಜಿಲ್ಲೆಯಲ್ಲಿ ಆ ಕೆಲಸಕ್ಕೆ ಇನ್ನೊಬ್ಬನಿರಲಿಲ್ಲ, ಹಾಗಾಗಿ ನನಗೆ ಬಡ್ತಿಯೂ ಇರಲಿಲ್ಲ, ವರ್ಗವೂ ಇರಲಿಲ್ಲ.

ಸಹನಾಳ ತೊಂದರೆ ಇದು. ಆಕಾಶದ ಹಡಗಿನಲ್ಲಿ ಒಂದು ಸಂಸಾರ ತಿರುಗಾಡುವ ಕಥೆಯ ಸಿನೆಮಾ ಅವಳ ಕೈಗೆ ಬಂದಿದೆ. ಭಾಗದ ಮೇಲೆ ಭಾಗ ಬರುತ್ತಲೇ ಇರುವ ಕಥೆ. ಅಜ್ಜಿ, ಮೊಮ್ಮಕ್ಕಳು ಒಟ್ಟಿಗೆ ಕೂತು ನೋಡುವಂಥದ್ದು. ಹೊಸ ಭಾಗದಲ್ಲಿ ಹಡಗು ನಡೆಸುವ ಹೆಣ್ಣುಮಗಳು ರೇಡಿಯೋದಲ್ಲಿ ಮೇಲಧಿಕಾರಿಗಳಿಗೆ ಬಹಳ ಕೆಟ್ಟ ಬೈಗುಳ ಬೈಯುತ್ತಾಳೆ. ಆಫೀಸಿನಲ್ಲಿ ಅರ್ಧ ಮಂದಿ ಇಡೋಣ ಎನ್ನುತ್ತಾರೆ, ಇನ್ನರ್ಧ ಮಂದಿ ಮನೆಮಂದಿ ನೋಡುವ ಕಥೆಯಲ್ಲಿ ಇದೇನು ಹೊಲಸು ಎನ್ನುತ್ತಾರೆ.

“ಸರ್, ನಿಮ್ಮ ಕಾಲದಲ್ಲಿ ಇಂಥದ್ದು ಬಂದ್ರೆ ಏನು ಮಾಡ್ತಿದ್ರಿ?” ಎಂದಳು.

ಒಂದೇ ಮಾತಿನಲ್ಲಿ ಉತ್ತರ ಕೊಡುವ ಅಭ್ಯಾಸ ನನಗಿಲ್ಲ. ಮಾತು ಕಡಿಮೆ ಮಾಡಿದರೆ ಕೂಲಿ ಸಿಗದಂಥ ಕೆಲಸ ನನ್ನದಾಗಿತ್ತು. “ಬರೆದು ಕಳಿಸ್ತೇನವ್ವ” ಎಂದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಬರುವ ಉಳಿದ ಹುಡುಗರೂ ಓದಿಕೊಳ್ಳಲಿ.

ಕೆಲಸ ಸಿಕ್ಕಿದ್ದು ಹೀಗೆ. ಹತ್ತಿರದ ಭಾತಂಬ್ರಾ ಹಳ್ಳಿಯವನಾದ ನಾನು ಬೀದರದ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ನಪಾಸಾಗಿ ಭಾಲ್ಕಿಯ ಬಸ್ ನಿಲ್ದಾಣದಲ್ಲಿ ಸುಮ್ಮನೆ ಕೂರುತ್ತಿದ್ದೆ. ಟಾಕೀಸಿನ ಮಾಲೀಕ ಖಾದರ್ ಸಾಬ್ ಒಂದು ದಿನ ಹತ್ತಿರ ಬಂದು, “ಇಂಗ್ಲಿಷ್ ಬರ್ತದೇನೋ ರೇವಣ್ಣ?” ಎಂದ.

“ಎರಡು ಸಲ ನಪಾಸಾಗೇನ್ರಿ.”

“ಅಂದ್ರ ಎರಡು ಸಲ ಓದಿದಿ. ಸಾಕು, ಬಾ.”

ಖಾದರ್ ಸಾಬ್ ಹೈದರಾಬಾದಿನಿಂದ ಇಂಗ್ಲಿಷ್ ಸಿನೆಮಾಗಳ ಹಳೇ ರೀಲುಗಳನ್ನು ತರುತ್ತಿದ್ದ. ಬೇರೆ ಯಾರೂ ಕೇಳುತ್ತಿರಲಿಲ್ಲವಾದ್ದರಿಂದ ಅವು ಅಗ್ಗ. ಆದರೆ ಭಾಲ್ಕಿಯ ಮಂದಿಗೆ ಅವರಾಡುವ ಒಂದು ಮಾತೂ ತಿಳಿಯುತ್ತಿರಲಿಲ್ಲ. ನಾನು ಪರದೆಯ ಪಕ್ಕದಲ್ಲಿ ಮೈಕ್ ಹಿಡಿದು ನಿಂತು, ಅವರು ಬಾಯಿ ತೆರೆದಾಗಲೆಲ್ಲ ಏನಂದರು ಎಂದು ನಮ್ಮ ಮಾತಿನಲ್ಲಿ ಹೇಳಬೇಕು. ಪರದೆಯಿಂದ ಹಿಂದಿನ ಗೋಡೆಯವರೆಗೆ ಒಂದು ಹಗ್ಗ. ಹಗ್ಗದ ಆಚೆ ಗಂಡಸರು, ಈಚೆ ಹೆಣ್ಣುಮಕ್ಕಳು. ಎರಡೂ ಕಡೆಗೆ ಕೇಳಬೇಕೆಂದು ನಾನು ಹಗ್ಗದ ಬುಡದಲ್ಲಿ ನಿಲ್ಲುತ್ತಿದ್ದೆ.

ಎಲ್ಲಕ್ಕಿಂತ ಹೆಚ್ಚು ನಡೆದದ್ದು ಆಕಾಶದ ಹಡಗಿನ ಕಥೆ. ಈಗ ಸಹನಾಳ ಕೈಯಲ್ಲಿರುವುದೂ ಅದೇ ಕಥೆಯೇ. ಅವಳ ಭಾಗದಲ್ಲಿ ಬೈಯುವವಳು ಮೊಮ್ಮಗಳು, ನನ್ನ ಕಾಲಕ್ಕೆ ಇದ್ದವಳು ಅಜ್ಜಿ. ಗಂಡ ಹೆನ್ರಿ ಹಡಗಿನ ಕ್ಯಾಪ್ಟನ್, ಹೆಂಡತಿ ಮಾರ್ಗರೇಟ್, ಎರಡು ಮಕ್ಕಳು, ಒಂದು ತಗಡಿನ ಆಳು. ಮಾರ್ಗರೇಟಳನ್ನು ನಮ್ಮ ಮಂದಿ ಮಾರ್ಗಿಬಾಯಿ ಎಂದು ಕರೆಯುತ್ತಿದ್ದರು. ಹೊಸ ಭಾಗ ಬಂದರೆ, “ಮಾರ್ಗಿಬಾಯಿ ಮಕ್ಕಳು ದೊಡ್ಡವಾದ್ವೇನ್ರಿ?” ಎಂದು ಸಂತೆಯಲ್ಲಿ ನನ್ನನ್ನೇ ನಿಲ್ಲಿಸಿ ಕೇಳುತ್ತಿದ್ದರು.

ಮೊದಲನೇ ದಿನವೇ ಪೆಟ್ಟು ತಿಂದೆ. ಮಾರ್ಗಿಬಾಯಿ ಮಾತುಮಾತಿಗೆ ಗಂಡನನ್ನು ‘ಹೆನ್ರಿ, ಹೆನ್ರಿ’ ಎಂದು ಹೆಸರು ಹಿಡಿದು ಕೂಗುವವಳು. ನಾನೂ ಹಾಗೇ ಹೇಳಿದೆ. ಹೆಂಗಸರ ಕಡೆ ‘ಅಯ್ಯಯ್ಯ!’ ಎಂದು ಗದ್ದಲವಾಯಿತು. ಗಂಡನ ಹೆಸರನ್ನು ಬಾಯಿಂದ ಆಡುವುದು ನಮ್ಮ ಕಡೆ ಆಗ ಸಣ್ಣ ಮಾತಲ್ಲ. ಮದುವೆಯಲ್ಲಿ, ಸೀಮಂತದಲ್ಲಿ ಎಲ್ಲರೂ ಬಾಗಿಲು ಅಡ್ಡಗಟ್ಟಿ ಬಲವಂತ ಮಾಡಿದಾಗ ಮಾತ್ರ ಒಡಪು ಕಟ್ಟಿ, ಪ್ರಾಸದ ಒಳಗೆ ಹೆಸರು ಸೇರಿಸಿ ಒಮ್ಮೆ ಹೇಳಬಹುದು. ಹಾಗಾಗಿ ಮರುದಿನದಿಂದ ಮಾರ್ಗಿಬಾಯಿ “ಏನ್ರೀ, ಇಲ್ಲಿ ಕೇಳ್ರಿ” ಎನ್ನತೊಡಗಿದಳು. ಒಂದು ಭಾಗಕ್ಕೆ ಒಂದೇ ಸಲ, ಹಡಗು ಹೊರಡುವಾಗ, ನಾನು ಅವಳಿಗೊಂದು ಒಡಪು ಕಟ್ಟಿಕೊಡುತ್ತಿದ್ದೆ:

“ಕರೀ ಆಕಾಶದಾಗ ಬಿಳೀ ಚುಕ್ಕಿ ಹರಡ್ಯಾವ ನೂರ, ಹೆನ್ರಿಯಪ್ಪನವರ ಹಡಗ ಹೊಂಟದ ದೂರ.”

ಹೆಂಗಸರ ಕಡೆಯಿಂದ ಸಿಳ್ಳೆ ಬರುತ್ತಿರಲಿಲ್ಲ, ಆದರೆ ಬಳೆಗಳ ಸದ್ದು ಬರುತ್ತಿತ್ತು. ಖಾದರ್ ಸಾಬ್ ಹಿಂದಿನಿಂದ ‘ವಾಹ್’ ಎನ್ನುತ್ತಿದ್ದ. ಇಂಗ್ಲಿಷಿನಲ್ಲಿ ಆ ಹೊತ್ತಿಗೆ ಮಾರ್ಗಿಬಾಯಿ ಪೆಟ್ರೋಲಿನ ಮುಳ್ಳು ಎಷ್ಟಿದೆ ಎಂದು ಕೇಳುತ್ತಿದ್ದಳು.

ತಪ್ಪುಗಳೂ ಆದವು. ಆಟ ತೋರಿಸಲು ಔರಾದಿಗೆ ಡೇರೆ ಹೊತ್ತುಕೊಂಡು ಹೋದಾಗ ಬೇರೊಂದು ಸಿನೆಮಾದ ರೀಲು ಅದಲುಬದಲಾಗಿ, ನಾಯಕ ಸತ್ತು ಮಣ್ಣಾದ ಮೇಲೆ ಊಟಕ್ಕೆ ಬಂದು ಕೂತ. ಅಲ್ಲಿಯ ಮಂದಿಗೆ ಮರಾಠಿ ಬೆರೆಸಿ ಹೇಳಬೇಕು. ಆ ಗಾಬರಿಯಲ್ಲಿ ನನಗೆ ಎರಡೂ ಭಾಷೆ ಕೈಕೊಟ್ಟವು. ಕೊನೆಗೆ “ಇದು ಹಿಂದಿನ ಜನ್ಮ” ಎಂದೆ. ಯಾರೂ ತಕರಾರು ಮಾಡಲಿಲ್ಲ. ಆಟ ಮುಗಿದ ಮೇಲೆ ಒಬ್ಬ ಮುದುಕ ಬಂದು, ಹಿಂದಿನ ಜನ್ಮದಲ್ಲೂ ಅದೇ ಅಂಗಿ ಇತ್ತಲ್ಲ ಎಂದಷ್ಟೇ ಕೇಳಿದ.

ಖಾದರ್ ಸಾಬನ ಕಾಯಿದೆ ಒಂದೇ: “ಖಾನದಾನಿ ಹೆಣ್ಮಕ್ಕಳು ಕೂತಿರ್ತಾರ. ಜಬಾನ್ ಸಂಭಾಳಿಸು, ನಾಲಿಗಿ ಹಿಡದು ಮಾತಾಡು.” ಹಾಗಾಗಿ ನನ್ನ ಬಾಯಿಂದ ಖಳನಾಯಕನೂ “ನಿಮ್ಮನ್ನ ಈಗ ಕೊಲ್ತೇನ್ರಿ” ಎನ್ನುತ್ತಿದ್ದ. ಎದುರಿನವನು “ಕೊಲ್ರಿ ನೋಡೂಣು” ಎನ್ನುತ್ತಿದ್ದ. ಮಾತು ಶುದ್ಧವಿದೆಯೋ ಇಲ್ಲವೋ ಎಂದು ತೀರ್ಮಾನಿಸುವವರು ಬಸಲಿಂಗಪ್ಪ ಮಾಸ್ತರು. ಸಾಲಿ ಮಾಸ್ತರಿಕೆಯಿಂದ ನಿವೃತ್ತರಾದ, ಹಣೆತುಂಬ ವಿಭೂತಿಯ ಶರಣ ಮನುಷ್ಯ. ಪ್ರತಿ ಹೊಸ ಸಿನೆಮಾಕ್ಕೆ ಮೊದಲ ದಿನ ಬಂದು ಹಗ್ಗದ ಪಕ್ಕಕ್ಕೇ ಕೂರುತ್ತಿದ್ದರು. ಮರುದಿನ ಬೆಳಿಗ್ಗೆ ಚಹಾದ ಹೋಟೆಲಿನಲ್ಲಿ “ನಡೀತದ” ಎಂದರೆ ಊರಿನ ಅತ್ತೆ-ಮಾವಂದಿರು ಸೊಸೆಯಂದಿರನ್ನು ಕಳಿಸುತ್ತಿದ್ದರು. “ಬ್ಯಾಡ” ಎಂದರೆ ಹಗ್ಗದ ಈಚೆ ಕಡೆ ಖಾಲಿ.

ಆಮೇಲೆ ಬರ ಬಿತ್ತು. ಒಂದು ವರ್ಷದ್ದಲ್ಲ, ಒಂದರ ಬೆನ್ನಿಗೆ ಒಂದು. ಗಂಡಸರು ಮುಂಬೈ, ಹೈದರಾಬಾದ್ ಎಂದು ಕಟ್ಟಡದ ಕೆಲಸಕ್ಕೆ ಹೋದರು. ಪಕ್ಕದ ಊರು ಹಲಬರ್ಗಾದ ಓಣಿಗಳಲ್ಲಿ ಗಡಸು ದನಿಯೇ ಕೇಳುತ್ತಿರಲಿಲ್ಲ. ಟಾಕೀಸಿನಲ್ಲಿ ಗಂಡಸರ ಕಡೆ ಬರಿದಾಯಿತು, ಹೆಂಗಸರ ಕಡೆ ಜಾಗ ಸಾಲದಾಯಿತು. ಖಾದರ್ ಸಾಬ್ ಪ್ರತಿ ತಿಂಗಳು ಹಗ್ಗದ ಗೂಟ ಕಿತ್ತು ಅಷ್ಟಷ್ಟೇ ಆಚೆ ನೆಡುತ್ತ ಹೋದ. ಕಡೆಗೆ ಗಂಡಸರಿಗೆ ಉಳಿದದ್ದು ಗೋಡೆಯ ಪಕ್ಕದ ಒಂದು ಓಣಿ, ಅದರಲ್ಲಿ ಮಾಸ್ತರು ಮತ್ತು ಕೆಮ್ಮುವ ಕೆಲವು ಮುದುಕರು.

ಹೆಂಗಸರು ಟ್ಯಾಂಕರ್ ಬರುವ ಜಾಗದಲ್ಲಿ ಕೊಡಗಳನ್ನು ಪಾಳಿಗೆ ಹಚ್ಚಿ ಮೂರು ಗಂಟೆಯ ಆಟಕ್ಕೆ ಬರುತ್ತಿದ್ದರು. ನಡುವೆ ಟ್ಯಾಂಕರಿನ ಹಾರ್ನ್ ಕೇಳಿದರೆ ಸಾಕು, ಮಾರ್ಗಿಬಾಯಿ ಬಾಯಿ ತೆರೆದುಕೊಂಡಿದ್ದರೂ ಇವರು ಎದ್ದು ಓಡುವರು. ಖಾದರ್ ಸಾಬ್ ಯಂತ್ರ ನಿಲ್ಲಿಸಿ ಕಾಯುತ್ತಿದ್ದ. ನೀರು ಮನೆಗೆ ಮುಟ್ಟಿಸಿ, ಹಸಿ ಸೆರಗಿನಲ್ಲಿ ಬಂದು ಕೂತು, “ಹಾಂ, ಹೇಳಪ್ಪ” ಎನ್ನುತ್ತಿದ್ದರು.

ಮಾಸ್ತರ ಮಗ ಶಿವರಾಜನೂ ಮುಂಬೈಗೆ ಹೋಗಿದ್ದ. ಹೋಗಿ ಎರಡು ಮಳೆಗಾಲ, ಮಳೆಯಿಲ್ಲದ ಮಳೆಗಾಲ, ಕಳೆದಿದ್ದವು. ಅಲ್ಲಿಂದ ಬಂದವರ ಬಾಯಲ್ಲಿ ಒಂದೇ ಸುದ್ದಿ ಬರುತ್ತಿತ್ತು: “ಆರಾಮ ಇದ್ದಾನ, ಬರ್ತಾನಂತ, ಚಿಂತಿ ಮಾಡಬ್ಯಾಡ್ರಿ ಅಂದಾನ.” ಅವನ ಹೆಂಡತಿ ಮಹಾದೇವಿ ಮನೆಯ ನೀರೆಲ್ಲ ಹೊತ್ತು, ಅತ್ತೆ ನೀಲಮ್ಮನ ಜೊತೆ ಸಿನೆಮಾಕ್ಕೆ ಬರುತ್ತಿದ್ದಳು. ಗಂಡ ಊರಲ್ಲಿಲ್ಲದ ಸೊಸೆಯನ್ನು ಮಾಸ್ತರು ಟಾಕೀಸಿಗೆ ಕಳಿಸುತ್ತಾರೆ ಎಂದು ಆಗಲೇ ಮಂದಿ ಗುಸುಗುಸು ನಡೆಸಿದ್ದರು. ಅವಳು ಬರುವುದು ನಿಂತರೆ ಊರಿನ ಸೊಸೆಯಂದಿರೆಲ್ಲ ಬರುವುದು ನಿಲ್ಲುತ್ತದೆ, ಅದು ಎಲ್ಲರಿಗೂ ಗೊತ್ತಿತ್ತು. ನೀರಿನ ಪಾಳಿ ಬಿಟ್ಟರೆ ಆ ಹೆಣ್ಣುಮಕ್ಕಳು ಮನೆಯಿಂದ ಹೊರಗೆ ಬಂದು ಕೂರುವ ಜಾಗ ಅದೊಂದೇ ಇತ್ತು.

ಅಂಥ ಹೊತ್ತಿನಲ್ಲಿ ಹಡಗಿನ ಕಥೆಯ ಹೊಸ ಭಾಗ ಬಂತು. ಬೆಳಿಗ್ಗೆ ನಾನೂ ಖಾದರ್ ಸಾಬನೂ ಮೊದಲು ನೋಡಿದೆವು. ಹಡಗು ಒಣಗಿದ ಲೋಕವೊಂದರಲ್ಲಿ ಇಳಿಯುತ್ತದೆ. ನೀರು ಮುಗಿಯುತ್ತದೆ. ಹೆನ್ರಿ ಸಣ್ಣ ಹಡಗು ತೆಗೆದುಕೊಂಡು ನೀರು ತರುತ್ತೇನೆಂದು ಹೋಗುತ್ತಾನೆ. ಮಾರ್ಗಿಬಾಯಿ ಮಕ್ಕಳನ್ನು ಹಿಡಿದುಕೊಂಡು ದಿನಗಟ್ಟಲೆ ರೇಡಿಯೋದ ಮುಂದೆ ಕೂರುತ್ತಾಳೆ. ಕೊನೆಗೊಮ್ಮೆ ರೇಡಿಯೋ ಗೊರಗೊರ ಎಂದು ಹೆನ್ರಿಯ ದನಿ ಬರುತ್ತದೆ: ಎಲ್ಲಾ ಆರಾಮ, ಬರೋದು ತಡ ಆಗ್ತದ, ಚಿಂತಿ ಮಾಡಬ್ಯಾಡ. ಆಗ ಮಾರ್ಗಿಬಾಯಿ ರೇಡಿಯೋವನ್ನು ಎರಡೂ ಕೈಯಲ್ಲಿ ಹಿಡಿದು ಬೈದಳು. ಆ ಮಾತನ್ನು ನಾನು ಕಾಲೇಜಿನ ಪುಸ್ತಕದಲ್ಲಿ ಓದಿರಲಿಲ್ಲ, ಹಾಸ್ಟೆಲಿನಲ್ಲಿ ಕಲಿತಿದ್ದೆ.

“ಏನಂದ್ಳು?” ಎಂದ ಖಾದರ್ ಸಾಬ್.

ಹೇಳಿದೆ.

“ತೋಬಾ ತೋಬಾ!” ಎಂದು ಕುರ್ಚಿಯಿಂದ ಎದ್ದ. “ಇಷ್ಟು ವರ್ಷ ಮರ್ಯಾದಿಲಿಂದ ಇದ್ದಳಲ್ಲೋ! ಈಗೇನು ಬಂತು ಅಕಿಗೆ?”

“ನೀರಿಲ್ಲಲ್ರಿ.”

“ನೀರು ನಮಗೂ ಇಲ್ಲ. ನಾವು ಬೈತೇವೇನು? ಬದಲಿ ಮಾಡು. ಮಾಸ್ತರು ಬಂದು ಕೂತಿರ್ತಾರ.”

ಬದಲಿ ಮಾಡಿದೆ. ಆ ಮಧ್ಯಾಹ್ನ ಮಾರ್ಗಿಬಾಯಿ ಹಲ್ಲು ಕಚ್ಚಿ, ಕುತ್ತಿಗೆಯ ನರ ಉಬ್ಬಿಸಿ ಚೀರಿದಾಗ ನಾನು ಮೈಕಿನಲ್ಲಿ, “ದಯವಿಟ್ಟು ಬೇಗ ಬರ್ರಿ” ಎಂದೆ.

ಹೆಂಗಸರ ಕಡೆಯಿಂದ ಹಲಬರ್ಗಾದ ಮುದುಕಿಯೊಬ್ಬಳ ದನಿ ಬಂತು: “ಸುಳ್ಳ! ಅಕಿ ಮಾರಿ ನೋಡೋ ರೇವಣ್ಣ. ದಯವಿಟ್ಟು ಅನ್ನೋ ಮಾರಿ ಏನದು?”

“ನಾವು ಬೈಯೋದು ನೋಡಿಲ್ಲೇನು?” ಎಂದಳು ಇನ್ನೊಬ್ಬಳು. “ನಮಗೇ ಹುಚ್ಚು ಹಿಡಸ್ತಿ?”

ಖರೇ ಹೇಳಬೇಕೆಂದರೆ ನನಗೆ ನಾಚಿಕೆಯಾಯಿತು. ನನ್ನ ಇಂಗ್ಲಿಷಿನಲ್ಲಿ ತಪ್ಪು ಹಿಡಿಯುವವರು ಆ ಊರಲ್ಲಿ ಇಲ್ಲ ಎಂದು ನಂಬಿಕೊಂಡಿದ್ದೆ. ಇವರು ಒಂದಕ್ಷರ ತಿಳಿಯದೆ ಮುಖ ನೋಡಿ ಹಿಡಿದುಬಿಟ್ಟರು. ಹೊರಗೆ ಬಂದಾಗ ಮಾಸ್ತರು ಮಾತ್ರ ನನ್ನ ಹೆಗಲು ತಟ್ಟಿ, “ನೀ ಅಂದಿದ್ದು ಶುದ್ಧಿತ್ತು. ಹಂಗೇ ಇರ್ಲಿ” ಎಂದರು. ಮರುದಿನ ಬೆಳಿಗ್ಗೆ ಹೋಟೆಲಿನಲ್ಲಿ “ನಡೀತದ” ಎಂದರಂತೆ. ಆದರೆ ತಾವೂ ಮತ್ತೆ ಆಟಕ್ಕೆ ಬಂದರು. ಎರಡನೇ ಸಲ ಬಂದದ್ದು ಅದೇ ಮೊದಲು.

ನಾನೂ ಖಾದರ್ ಸಾಬನೂ ಅವತ್ತು ಆಟಕ್ಕೆ ಮೊದಲು ಬಹಳ ಜಗಳಾಡಿದೆವು. ಬೈಗುಳ ಹೇಳಿದರೆ ಮಾಸ್ತರು “ಬ್ಯಾಡ” ಎನ್ನುತ್ತಾರೆ, ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚುತ್ತದೆ. ಹೇಳದಿದ್ದರೆ ಅದೇ ಹೆಣ್ಣುಮಕ್ಕಳು ನಮ್ಮನ್ನು ಸುಳ್ಳುಬುರುಕರು ಎನ್ನುತ್ತಾರೆ. ಕಡೆಗೆ ಅವನು, “ಆ ಜಾಗಾ ಬಂದಾಗ ಸುಮ್ಮ ನಿಂದ್ರು. ಮೈಕ್ ಕೆಟ್ಟದ ಅಂತ ತಿಳಕೋತಾರ” ಎಂದ. ಮಾತಾಡಲಿಕ್ಕೆ ಇಟ್ಟುಕೊಂಡ ಮನುಷ್ಯನಿಗೆ ಸುಮ್ಮನಿರು ಎಂದು ಮೇಲಿನವರು ಹೇಳುವ ಕಾಲ ಎಲ್ಲ ಕೆಲಸದಲ್ಲೂ ಬರುತ್ತದೆ. ನನಗೆ ಅವತ್ತು ಬಂತು.

ಆ ಜಾಗ ಬಂತು. ರೇಡಿಯೋದಲ್ಲಿ ಹೆನ್ರಿಯ ದನಿ ಬಂತು. “ಎಲ್ಲಾ ಆರಾಮ. ಬರ್ತೇನಿ. ಚಿಂತಿ ಮಾಡಬ್ಯಾಡ” ಎಂದು ನಾನು ಹೇಳಿದೆ. ಮಾರ್ಗಿಬಾಯಿ ರೇಡಿಯೋ ಹಿಡಿದು ಬಾಯಿ ತೆರೆದಳು. ನಾನು ಮೈಕ್ ಕೆಳಗಿಳಿಸಿದೆ.

ಹೆಂಗಸರ ಕಡೆಯಿಂದ ಒಂದು ದನಿ ಎದ್ದಿತು. ಚೀರಿದ್ದಲ್ಲ, ಅಳುತ್ತ ಅಂದದ್ದೂ ಅಲ್ಲ. ಓಣಿಯ ಆ ತುದಿಯಲ್ಲಿರುವವನಿಗೆ ಕೇಳಲಿ ಎನ್ನುವಂಥ ದನಿ.

“ಏ ಶಿವರಾಜ್ಯಾ! ರಂಡೀ ಮಗನ! ನೀರಿಗಂತ ಹೋದಾಂವ ಎಲ್ಲಿ ಸತ್ತಿ?”

ಖಾದರ್ ಸಾಬನ ಕೈ ತಪ್ಪಿತೋ ಏನೋ, ಯಂತ್ರ ನಿಂತಿತು, ದೀಪ ಹತ್ತಿತು. ಮಹಾದೇವಿ ಎದ್ದು ನಿಂತಿದ್ದಳು. ತಲೆಯ ಮೇಲಿನ ಸೆರಗು ಜಾರಿತ್ತು. ಬೈಗುಳಕ್ಕೆ ಯಾರೂ ಅಷ್ಟು ಬೆಚ್ಚಿರಲಿಲ್ಲ. ನೀರಿನ ಪಾಳಿಯಲ್ಲಿ ಅದಕ್ಕಿಂತ ಗಟ್ಟಿಯಾದದ್ದನ್ನು ದಿನಾ ಕೇಳುತ್ತಾರೆ. ಅವಳು ಗಂಡನ ಹೆಸರು ಹೇಳಿದ್ದಳು. ಒಡಪಿಲ್ಲದೆ, ಪ್ರಾಸವಿಲ್ಲದೆ, ಹಗ್ಗದಾಚೆ ಮಾವ ಕೂತಿರುವಾಗ.

ಮಾಸ್ತರು ಎದ್ದರು. ಅವರು ಬಾಗಿಲ ಕಡೆ ನಡೆದರೆ ಎಲ್ಲ ಮುಗಿಯಿತು ಎಂದು ನನಗೆ ಗೊತ್ತಿತ್ತು. ಮುದುಕರು ಕೆಮ್ಮುವುದನ್ನೂ ಬಿಟ್ಟಿದ್ದರು.

ಆಗ ನೀಲಮ್ಮ ಕೂತಲ್ಲಿಂದಲೇ ಸೊಸೆಯ ಸೀರೆ ಜಗ್ಗಿ ಕೂರಿಸಿದಳು. ಆಮೇಲೆ ಹಗ್ಗದ ಕಡೆ ಮುಖ ತಿರುಗಿಸಿ, ಎಲ್ಲರಿಗೂ ಕೇಳುವಂತೆ ಹೇಳಿದಳು:

“ರಂಡೀ ಮಗ ಅಂದ್ರ ಬೈಸಿಕೊಂಡಾಕಿ ನಾನು. ನನಗೇ ಸಿಟ್ಟು ಬಂದಿಲ್ಲ, ನಿಮಗ್ಯಾಕ ಬರಬೇಕ್ರಿ? ಹೆತ್ತಾಕಿ ನಾ ಅನ್ನಬೇಕಿತ್ತು, ನನಗ ಬಾಯಿ ಬರ್ಲಿಲ್ಲ. ಅಕಿ ಅಂದಾಳ. ಕೂಡ್ರಿ.”

ಮಾಸ್ತರು ಧೋತರದ ಚುಂಗು ಸರಿಮಾಡಿಕೊಂಡು ಕೂತರು. ಕೂತು ನನ್ನ ಕಡೆ ನೋಡಿ, “ಮುಂದ ಹೇಳಪ್ಪ” ಎಂದರು. ಅವರ ದನಿ ಒಡೆದಿತ್ತು. ಸಾಲಿಯಲ್ಲಿ ನಾನೂ ಅವರ ಕೈಯಲ್ಲಿ ಏಟು ತಿಂದವನೇ, ಆ ದನಿ ಹಾಗೆ ಆದದ್ದನ್ನು ಎಂದೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹೋಟೆಲಿನ ಮೂಲೆಯಲ್ಲಿ ಕೂತಿದ್ದೆ. ಬೇಕೆಂದೇ ಹೋಗಿದ್ದೆ. ಮಾಸ್ತರು ಬಂದರು. ಒಬ್ಬ, “ಹ್ಯಾಂಗ್ರಿ ಮಾಸ್ತರ, ಆ ಸಿನಿಮಾದಾಗ ಹೊಲಸು ಮಾತದ ಅಂತಲ್ಲ?” ಎಂದ. ಅವನಿಗೂ ಎಲ್ಲ ಗೊತ್ತಿತ್ತು.

ಮಾಸ್ತರು ಬಸಿಯಲ್ಲಿ ಚಹಾ ಆರಿಸಿ ಕುಡಿದು ಮುಗಿಸಿದರು.

“ಬೈಗುಳ ಅದ. ಹೊಲಸೇನಿಲ್ಲ” ಎಂದರು. “ನಡೀತದ. ಕಳಸ್ರಿ.”

ಅಲ್ಲಿಂದ ಮುಂದೆ ಆ ಜಾಗ ಬಂದಾಗ ನಾನು ಸುಮ್ಮನಿರುವುದೇ ಪದ್ಧತಿಯಾಯಿತು. ಎಲ್ಲಿ ಹೋದರೂ ಹೆಣ್ಣುಮಕ್ಕಳು ತಾವೇ ಹೇಳಿಕೊಳ್ಳುತ್ತಿದ್ದರು. ಭಾತಂಬ್ರಾದಲ್ಲಿ ಒಂದು ನಮೂನೆ, ಔರಾದಿನಲ್ಲಿ ಮರಾಠಿಯಲ್ಲಿ ಇನ್ನೊಂದು ನಮೂನೆ. ಮುಂಬೈಯಲ್ಲಿದ್ದವರ ಹೆಸರು, ಹೈದರಾಬಾದಿನಲ್ಲಿದ್ದವರ ಹೆಸರು, ಟ್ಯಾಂಕರಿನ ಡ್ರೈವರನ ಹೆಸರು. ನನ್ನ ಇಡೀ ನೌಕರಿಯಲ್ಲಿ ಅಷ್ಟು ಸರಿಯಾಗಿ ಅರ್ಥ ಹೇಳಿದ ಜಾಗ ಬೇರೆ ಇಲ್ಲ, ಅದೂ ನಾನು ಬಾಯಿ ಮುಚ್ಚಿಕೊಂಡಾಗ.

‘ಆರಾಮ ಇದ್ದಾನ’ ಎಂಬ ಸುದ್ದಿ ಯಾವ ಮಂದಿಯ ಬಾಯಲ್ಲಿ ಊರಿಗೆ ಬರುತ್ತಿತ್ತೋ ಅದೇ ಮಂದಿಯ ಬಾಯಲ್ಲಿ ಈ ಸುದ್ದಿ ಮುಂಬೈಗೆ ಹೋಯಿತು. ದಾರಿಯಲ್ಲಿ ಅದು ಏನೇನಾಯಿತೋ, ಶಿವರಾಜನಿಗೆ ಮುಟ್ಟುವ ಹೊತ್ತಿಗೆ ‘ನಿನ್ನ ಹೆಸರು ಸಿನೆಮಾದಾಗ ಬಂದದ’ ಎಂದಾಗಿತ್ತು. ಒಂದು ಮಧ್ಯಾಹ್ನ ಕೈಚೀಲದ ಸಮೇತ ಟಾಕೀಸಿನ ಬಾಗಿಲಲ್ಲಿ ನಿಂತಿದ್ದ. ಕರಕಲಾಗಿದ್ದ. ಕಟ್ಟಡದ ಮೇಲಿಂದ ಬಿದ್ದು ಕಾಲು ಮುರಿದಿತ್ತಂತೆ, ಕುಂಟುತ್ತಿದ್ದ. ಕಾಲು ಮುರಿದವನು ಮನೆಗೆ ಆರಾಮ ಎಂದು ಹೇಳಿಕಳಿಸಿದ್ದ.

“ರೇವಣ್ಣ, ನನ್ನ ಹೆಸರು ಎಲ್ಲಿ ಬರ್ತದೋ?” ಎಂದ.

“ಕೂಡು. ಬಂದಾಗ ತಿಳೀತದ” ಎಂದೆ.

ಮಾಸ್ತರು ಅವತ್ತೂ ಬಂದಿದ್ದರು. ಮಗನನ್ನು ನೋಡಿದರು, ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಹಗ್ಗದ ಈಚೆ ಹೆಂಗಸರಲ್ಲಿ ಸುದ್ದಿ ಆಗಲೇ ಹಬ್ಬಿತ್ತು. ಆ ಜಾಗ ಬಂತು. ಹೆನ್ರಿ ಎಲ್ಲಾ ಆರಾಮ ಎಂದ. ಮಾರ್ಗಿಬಾಯಿ ಬಾಯಿ ತೆರೆದಳು. ನಾನು ಮೈಕ್ ಇಳಿಸಿದೆ. ಹೆಂಗಸರೆಲ್ಲ ಪರದೆ ಬಿಟ್ಟು ಮಹಾದೇವಿಯ ಕಡೆ ತಿರುಗಿ ಕೂತರು. ಶಿವರಾಜ ತಲೆ ತಗ್ಗಿಸಿ ಕಾಯುತ್ತಿದ್ದ.

“ಈಗ್ಯಾಕ ಬೈಯೂದು?” ಎಂದಳು ಮಹಾದೇವಿ. “ಬಂದಾನಲ್ಲ.”

ಹೆಂಗಸರು ನಕ್ಕ ನಗೆಗೆ ತಗಡು ಅದುರಿತು. ಆ ನಗೆಯ ನಡುವೆ ಟ್ಯಾಂಕರಿನ ಹಾರ್ನ್ ಆಯಿತು. ಎಲ್ಲರೂ ಎದ್ದು ಓಡಿದರು, ಶಿವರಾಜನೂ ಕುಂಟುತ್ತ ಹಿಂದೆ ಹೋದ.

ಮುಂದಿನ ವರ್ಷಗಳಲ್ಲಿ ವಿಡಿಯೋ ಬಂತು. ನನ್ನ ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಹಾಕತೊಡಗಿದರು. ಕ್ಯಾಸೆಟ್ಟಿಗೆ ಎಲ್ಲಿ ಸುಮ್ಮನಿರಬೇಕೆಂದು ತಿಳಿಯುವುದಿಲ್ಲ. ಆಮೇಲೆ ಮನೆಮನೆಗೆ ಟೀವಿ ಬಂತು, ನನ್ನ ಕೆಲಸ ಹೋಯಿತು, ಖಾದರ್ ಸಾಬನೂ ಹೋದ. ಹಗ್ಗ ಮಾತ್ರ ನನ್ನ ಮನೆಯಲ್ಲಿದೆ, ಬಟ್ಟೆ ಒಣಗಲು ಹಾಕುತ್ತೇವೆ.

ಇಷ್ಟನ್ನು ಬರೆದು ಮೊನ್ನೆ ಸಹನಾಳಿಗೆ ಕಳಿಸಿದೆ. ಓದಿ ಫೋನ್ ಮಾಡಿದಳು. “ಸರ್, ಚೆನ್ನಾಗಿದೆ. ಆದ್ರೆ ನಾನು ಇಡ್ಲೋ ಬೇಡ್ವೋ? ಇಲ್ಲಿ ಖಾಲಿ ಬಿಟ್ರೆ ತುಂಬೋರು ಯಾರೂ ಇರಲ್ಲ.”

“ಆ ಮೊಮ್ಮಗಳು ಯಾಕ ಬೈತಾಳವ್ವ?” ಎಂದೆ.

“ಮೇಲಿನವರು ಸಹಾಯ ಕಳಿಸ್ತೀವಿ, ಸಮಾಧಾನವಾಗಿರಿ ಅಂತಾನೇ ಇರ್ತಾರೆ ಸರ್.”

“ಸಹಾಯ ಬಂತೇನು?”

ಅವಳು ಕಾಗದ ತಿರುವಿದ ಸದ್ದು ಕೇಳಿಸಿತು. “ಇಲ್ಲ ಸರ್. ಮುಂದಿನ ಭಾಗದಲ್ಲಿ ಬರುತ್ತಂತೆ.”

“ಹಂಗಾದ್ರ ಇಡವ್ವ” ಎಂದೆ.